ಗುರುಪುರದಲ್ಲಿ ಚಂದ್ರ ಮಲಗಿರುತ್ತಾನೆ

ಹುಣಸೂರು ಪಕ್ಕದ ಗುರುಪುರದ ಮಂಗಳಗೌರಿ ಹುಣಸೂರಿನಲ್ಲೇ ಪಿಯುಸಿ ಸೈನ್ಸ್ ಓದಿದವರು. ರಿಸಲ್ಟ್ ಬರುವ ಮೊದಲೇ ಮದುವೆಯಾಯಿತು. ಆಮೇಲೆ ಗಂಡ ಕಂಠಪ್ಪನವರ ಹೊಗೆಸೊಪ್ಪಿನ ಹೊಲ, ಹಸುಗಳು, ಮಗಳು ಐಶ್ವರ್ಯ. ಆ ಮಗಳು ಮೈಸೂರಿನಲ್ಲಿ ಬಿ.ಎಸ್ಸಿ ಸೇರಿದ ವರ್ಷ, ಅಮ್ಮನ ಮೊಬೈಲಿನಲ್ಲಿ ಖಗೋಳಶಾಸ್ತ್ರದ ಆನ್‌ಲೈನ್ ಕೋರ್ಸೊಂದಕ್ಕೆ ಹೆಸರು ಸೇರಿಸಿಕೊಟ್ಟಳು. ಯಾವುದೋ ದೂರದೇಶದವರು ನಡೆಸುವ ಪಾಠ. ಕೆಳಗೆ ಕನ್ನಡದಲ್ಲಿ ಅಕ್ಷರ ಬರುತ್ತದೆ ಎಂದಿತ್ತು.

ಬರುತ್ತಿತ್ತು, ನಿಜ. ಪಾಠ ಹೇಳುವಾಕೆ ಬುಧಗ್ರಹವನ್ನು ತೋರಿಸಿದರೆ ಕೆಳಗೆ ‘ಪಾದರಸ’ ಎಂದಿರುತ್ತಿತ್ತು. ಅಮಾವಾಸ್ಯೆ ಕಳೆದ ಮೇಲೆ ಚಂದ್ರ ‘ಮೇಣವಾಗುತ್ತಾನೆ’ ಎಂದಿತ್ತು. ಮಂಗಳಗೌರಿ ಆ ಮಾತನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ಸಾಕಾಗಿ ಮಗಳಿಗೆ ಫೋನ್ ಮಾಡಿದರು.

“ಬೆಳೆಯೋದಕ್ಕೂ ಮೇಣಕ್ಕೂ ಇಂಗ್ಲಿಷಲ್ಲಿ ಒಂದೇ ಪದ ಕಣಮ್ಮ. ಮಿಷನ್ನು ತಪ್ಪು ಮಾಡೈತೆ.”

“ನಾನೇ ದಡ್ಡಿ ಆಗ್ಬುಟ್ಟೆ ಅನ್ಕೊಂಡಿದ್ದೆ ಕಣೇ!”

ಅದನ್ನೂ ಸಹಿಸಿಕೊಂಡರು. ಶಿವರಾತ್ರಿ ಕಳೆದು ಬಿದಿಗೆ ಚಂದ್ರ ಕಾಣುವ ಹೊತ್ತಿಗೆ ಒಂದು ಪರೀಕ್ಷೆ ಬಂತು. ಹೊರಗೆ ಹೋಗಿ ಚಂದ್ರನನ್ನು ನೋಡಿ, ನಾಲ್ಕು ಚಿತ್ರಗಳಲ್ಲಿ ಸರಿಯಾದದ್ದನ್ನು ಒತ್ತಬೇಕು. ಮಂಗಳಗೌರಿ ಅಂಗಳಕ್ಕೆ ಬಂದು ನೋಡಿದರು. ಎಳೆಚಂದ್ರ ಎರಡೂ ಕೋಡು ಮೇಲೆ ಮಾಡಿಕೊಂಡು ದೋಣಿಯ ಹಾಗೆ ಮಲಗಿದ್ದ. ಅದೇ ಚಿತ್ರ ಒತ್ತಿದರು. ಕೆಂಪು ಗುರುತು ಬಿತ್ತು. ಸರಿಯುತ್ತರವೆಂದು ತೋರಿಸಿದ ಚಂದ್ರ ಕುಡುಗೋಲಿನಂತೆ ನೆಟ್ಟಗೆ ನಿಂತಿದ್ದ.

ಗಂಡನನ್ನು ಕೂಗಿ ಕರೆದರು. ಕಂಠಪ್ಪ ಮೊಬೈಲನ್ನೂ ಆಕಾಶವನ್ನೂ ನೋಡಿದರು. “ಅಲ್ಲಿ ಮಲ್ಗವ್ನಲ್ಲ! ಶಿವನ ತಲೆ ಮೇಲೂ ಅಂಗೇ ತಾನೆ ಇರೋದು?”

ಪಾಠ ಮಾಡುವವರ ಊರಲ್ಲಿ ನಿಂತು ಕಾಣುವ ಚಂದ್ರ ನಮ್ಮ ಕಡೆ ಮಲಗಿ ಕಾಣುತ್ತಾನೆ ಎಂದು ಐಶ್ವರ್ಯ ವಿಚಾರಿಸಿ ಹೇಳಿದಳು. ಮಂಗಳಗೌರಿ ಅದನ್ನೇ ಅವಳ ಕೈಲಿ ಕೋರ್ಸಿನವರಿಗೆ ಬರೆಸಿದರು. ‘ಎರಡನೇ ಪಾಠವನ್ನು ಮತ್ತೊಮ್ಮೆ ನೋಡಿ’ ಎಂದು ಉತ್ತರ ಬಂತು. ಮತ್ತೆ ಬರೆಸಿದರು. ಮತ್ತೆ ಅದೇ ಉತ್ತರ. ಪರೀಕ್ಷೆ ಮುಗಿಸದೆ ಮುಂದಿನ ಪಾಠ ತೆರೆಯುವಂತಿರಲಿಲ್ಲ. ಕೊನೆಗೆ ಹಲ್ಲು ಕಚ್ಚಿಕೊಂಡು ನಿಂತ ಚಂದ್ರನನ್ನು ಒತ್ತಿದರು. ಪರದೆಯ ತುಂಬ ಬಣ್ಣದ ಚೂರುಗಳು ಉದುರಿ ‘ಭೇಷ್!’ ಎಂದಿತು. ಅವರಿಗೆ ಮೈಯೆಲ್ಲ ಉರಿಯಿತು.

ಮುಂದಿನದು ಧ್ರುವನಕ್ಷತ್ರದ ಪಾಠ. ಕೈ ಚಾಚಿ ಮುಷ್ಟಿ ಹಿಡಿದು ದಿಗಂತದಿಂದ ಅದರ ಎತ್ತರ ಅಳೆಯಬೇಕು, ಒಂದು ಮುಷ್ಟಿಗೆ ಹತ್ತು ಡಿಗ್ರಿ. ಅಂಗಳದಿಂದ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ ಅಡ್ಡ. ತಾರಸಿ ಹತ್ತಿದರು. ನಕ್ಷತ್ರ ಒಂದು ಮುಷ್ಟಿಗಿಂತ ಚೂರು ಮೇಲೆ, ಮಬ್ಬಾಗಿ ಇತ್ತು. ಹನ್ನೆರಡು ಎಂದು ತುಂಬಿದರು. ‘ಮತ್ತೆ ಅಳೆಯಿರಿ’ ಎಂದಿತು. ಮೂವತ್ತಕ್ಕಿಂತ ಕಡಿಮೆಯ ಯಾವ ಸಂಖ್ಯೆಯನ್ನೂ ಅದು ಒಪ್ಪುತ್ತಿರಲಿಲ್ಲ. ಊರಿನ ಅಕ್ಷಾಂಶವೇ ನಕ್ಷತ್ರದ ಎತ್ತರ ಎಂದು ಅದೇ ಪಾಠ ಹೇಳಿತ್ತು. ಹುಣಸೂರಿನ ಅಕ್ಷಾಂಶ ಹನ್ನೆರಡು.

“ಅವ್ರು ಕೇಳಿದ್ದು ಒತ್ತಿ ಮುಂದಕ್ಕೋಗು, ಬುಡು,” ಎಂದರು ಕಂಠಪ್ಪ. “ಯಾರ್ ನೋಡ್ತಾರೆ?”

“ಚಂದ್ರನ್ನ ಎಬ್ಬಿಸಿ ನಿಲ್ಸಿದ್ದಾಯ್ತು. ಇದನ್ನೂ ಎತ್ತಿ ಮೇಲೆ ಕೂರ್ಸಕ್ಕೆ ನನ್ ಕೈಲಾಗಲ್ಲ ಕಣ್ರೀ.”

ಕೋರ್ಸು ಅಲ್ಲಿಗೇ ನಿಂತಿತು. ಕನ್ನಡದಲ್ಲಿ ಬೇರೆ ಪಾಠ ಹುಡುಕಿದರೆ ಗ್ರಹಬಲ, ರಾಶಿಫಲ ಹೇಳುವವರೇ ಸಾಲುಗಟ್ಟಿ ಬಂದರು. ‘ನೀವು ಕಲಿಕೆ ನಿಲ್ಲಿಸಿದ್ದೀರಿ’ ಎಂದು ಕೋರ್ಸಿನವರು ವಾರವಾರವೂ ನೆನಪಿಸುತ್ತಿದ್ದರು. ಮಂಗಳಗೌರಿ ಅದನ್ನು ಅಳಿಸಿ, ಸಂಜೆ ಹೊತ್ತು ತಾರಸಿ ಹತ್ತಿ ಬಡಗಣ ಆಕಾಶ ನೋಡುತ್ತಿದ್ದರು.

ಒಂದು ಸಂಜೆ ಕತ್ತಲಾದ ಮೇಲೆ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋದಾಗ ಪಕ್ಕದ ಮನೆಯ ಸುನಂದಮ್ಮ ತಮ್ಮ ತಾರಸಿಯಿಂದ ಕೇಳಿದರು, “ದಿನಾ ಅದೇನ್ ನೋಡ್ತೀಯವ್ವ ಆ ಕಡೆ?”

ಮಂಗಳಗೌರಿ ಬೆರಳು ಮಾಡಿ ಧ್ರುವನಕ್ಷತ್ರ ತೋರಿಸಿದರು. ಸುನಂದಮ್ಮನಿಗೆ ಅದು ಸಿಗಲು ತುಂಬ ಹೊತ್ತು ಹಿಡಿಯಿತು.

“ಧ್ರುವ ಅಂದ್ರೆ ಇಷ್ಟೇನಾ?”

“ನಮ್ಮೂರಿಗೆ ಇಷ್ಟೇ ಕಣಕ್ಕ,” ಎಂದು ಮಂಗಳಗೌರಿ ಬಟ್ಟೆ ಮಡಿಸತೊಡಗಿದರು.