ಅಕ್ಕನ ಡಿಸ್ಕಿಗೊಂದು ಗೋಡೆ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ತಡಿಯಮ್ಮ ಎಂದೇ. ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಆಕೆ, ಯಾರು ಎಷ್ಟೇ ಅವಸರ ಮಾಡಿದರೂ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: "ತಡೀರಿ. ಮೊದಲು ಕಾಪಿ ತಗೋತೀನಿ." ಕಾಪಿ ಆಗುವ ತನಕ ಸ್ಕ್ರೂಡ್ರೈವರ್ ಕೂಡ ಮುಟ್ಟುತ್ತಿರಲಿಲ್ಲ. ಗಿರಾಕಿಗಳು ಗೊಣಗುತ್ತಿದ್ದರು. ಕೆಲವರು ಎದುರಂಗಡಿಗೆ ಹೋಗುತ್ತಿದ್ದರು, ಹೋದವರಲ್ಲಿ ಅರ್ಧ ಜನ ಸಪ್ಪೆ ಮೋರೆ ಹಾಕಿಕೊಂಡು ವಾಪಸ್ಸು ಬರುತ್ತಿದ್ದರು.

ಈ ತಡೀರಿ ಸುಮ್ಮನೆ ಬಂದದ್ದಲ್ಲ. ಕಸುಬಿನ ಮೊದಲ ವರ್ಷ ಒಬ್ಬ ಮೇಷ್ಟರ ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಲು ಹೋಗಿ, ತೀರಿಕೊಂಡ ಅವರ ಹೆಂಡತಿಯ ಫೋಟೊಗಳನ್ನೆಲ್ಲ ಕಳೆದಿದ್ದಳು. ಮೇಷ್ಟರು ಬಯ್ಯಲಿಲ್ಲ. "ಹೋಗ್ಲಿ ಬಿಡಮ್ಮ, ಮುಖ ನೆನಪಿದೆ" ಎಂದು ಮೆಟ್ಟಿಲಿಳಿದರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಯಲ್ಲಿ ಅವಳ ಜೊತೆಗಿದ್ದವಳು ಅಕ್ಕ, ಅವಳಿಗಿಂತ ಹದಿನಾರು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮೂವತ್ನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದ ಅಕ್ಕ, ತನ್ನ ಕೈಗೆ ಬಂದ ಪ್ರತಿ ಮಗುವಿನ ಬಗ್ಗೆಯೂ ಡೈರಿಯಲ್ಲಿ ಎರಡು ಸಾಲು ಬರೆದಿಟ್ಟಿದ್ದಳು. ನಿವೃತ್ತಿಯಾದ ಮೇಲೆ ಅದನ್ನೆಲ್ಲ ಒಂದೇ ಬೆರಳಲ್ಲಿ ಕುಟ್ಟಿ ಕಂಪ್ಯೂಟರಿಗೆ ಏರಿಸಿದಳು. ತುಂಬಿದ ಡೈರಿಗಳನ್ನು, ಇನ್ನು ಯಾಕೆ ಎಂದು, ರದ್ದಿಗೆ ಹಾಕಿದಳು. ಆಮೇಲೂ ಯಾವುದಾದರೂ ಮಗುವಿನ ಕಥೆ ನೆನಪಾದರೆ ಹೊಸದಾಗಿ ಬರೆಯುತ್ತಿದ್ದಳು.

ಈಗೊಂದು ವರ್ಷದಿಂದ ಅಕ್ಕನಿಗೆ ಮರೆವು. ಕನ್ನಡಕ ಫ್ರಿಜ್ಜಿನಲ್ಲಿ ಸಿಗುತ್ತಿತ್ತು. ವಾರ್ಡನ್ನು ಚೊಕ್ಕಟ ಮಾಡಿಯೇ ಮುಂದಿನ ಪಾಳಿಯವರಿಗೆ ಒಪ್ಪಿಸುವ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಒಂದು ಬೆಳಿಗ್ಗೆ ತಡಿಯಮ್ಮ ನೋಡುತ್ತಾಳೆ, ಮೂರು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಕಡತಗಳೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ!

"ಏನಕ್ಕಾ ಇದು?"

"ಹಳೇದೆಲ್ಲ ತುಂಬ್ಕೊಂಡಿತ್ತು ಪುಟ್ಟಿ. ಗುಡಿಸಿದೆ."

ತಡಿಯಮ್ಮ ಎಲ್ಲವನ್ನೂ ಬುಟ್ಟಿಯಿಂದ ಎತ್ತಿ ಒಳಗಿಟ್ಟಳು. ಊರಿಗೆಲ್ಲ ಕಾಪಿ ಕಾಪಿ ಎಂದು ಬಾಯಿ ಬಡಿದುಕೊಳ್ಳುವ ತಾನು, ಸ್ವಂತ ಅಕ್ಕನ ಯಂತ್ರದ್ದು ಒಂದೇ ಒಂದು ಕಾಪಿ ತೆಗೆದಿರಲಿಲ್ಲ.

ಡಿಸ್ಕು ಇದ್ದದ್ದು ಇಡಿಯಾಗಿ, ಒಂದೇ ಹಜಾರದ ಹಾಗೆ. ನಡುವೆ ಗೋಡೆ ಹಾಕಿದರೆ ಒಂದು ಭಾಗದಲ್ಲಿ ಅಕ್ಕ ಬರೆಯಲಿ, ಅಳಿಸಲಿ, ಏನು ಬೇಕಾದರೂ ಮಾಡಿಕೊಳ್ಳಲಿ. ಇನ್ನೊಂದರಲ್ಲಿ ಮಕ್ಕಳ ದಾಖಲೆ ಇಟ್ಟು, ಓದಲಾಗುವಂತೆ ಆದರೆ ಅಳಿಸಲಾಗದಂತೆ ಬೀಗ ಹಾಕಬಹುದು. ಕೆಲಸ ಸುಲಭ. ಆದರೆ ಅಕ್ಕನಿಗೆ ಅವಳ ಬರಹಕ್ಕೇ ಬೀಗ ಹಾಕುತ್ತೇನೆ ಎಂದು ಹೇಳುವುದು ಹೇಗೆ? ಎರಡು ದಿನ ಮುಂದೂಡಿದಳು. ಮೂರನೇ ದಿನ ಬಟ್ಟೆ ಮಡಿಸುತ್ತ ಹೇಳಿಯೇಬಿಟ್ಟಳು.

ಅಕ್ಕ ಟವೆಲಿನ ಅಂಚು ಸರಿಮಾಡಿದಳು. "ನಾನು ಹಾಳು ಮಾಡ್ತಿದೀನಿ ಅಂತ ನಂಗೂ ಗೊತ್ತು ಕಣೇ. ಯಾವಾಗ ಮಾಡ್ತೀನಿ ಅನ್ನೋದು ಗೊತ್ತಾಗಲ್ಲ, ಅಷ್ಟೇ. ಬೀಗದ ಕೈ ನಿನ್ನ ಹತ್ರಾನೇ ಇರ್ಲಿ."

ಭಾನುವಾರ ತಡಿಯಮ್ಮ ಇಡೀ ಡಿಸ್ಕನ್ನು ಬೇರೊಂದು ಡಿಸ್ಕಿಗೆ ಇಳಿಸಿದಳು. ಕಾಪಿ ಆಯಿತು ಎಂದು ಯಂತ್ರ ಹೇಳಿದರೆ ನಂಬುವ ಪೈಕಿಯವಳಲ್ಲ. ಕಾಪಿಯಲ್ಲಿದ್ದ ಕಡತಗಳನ್ನು ಅಲ್ಲಲ್ಲಿ ತೆರೆದು ನೋಡಿದಳು. "ಹೆಣ್ಣು ಮಗು. ಹೊರಗೆ ಗಾಳಿ ಜೋರು. ತಾಯಿಗೆ ಕಿವಿ ಕೇಳಿಸದು. ಮಗು ಅಳುವಾಗ ಅದರ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು." ಓದುತ್ತ ಕೂತವಳಿಗೆ ಒಲೆಯ ಮೇಲಿನ ಅನ್ನ ಸೀದದ್ದೂ ಗೊತ್ತಾಗಲಿಲ್ಲ.

ಸೋಮವಾರ ಹತ್ತು ಗಂಟೆಗೆ ಕೆಲಸಕ್ಕೆ ಕೈ ಹಾಕಿದಳು. ಹಳೆಯ ಭಾಗವನ್ನು ಕುಗ್ಗಿಸಿ ಜಾಗ ಬಿಡಿಸಲು ಯಂತ್ರ ಕಡತಗಳನ್ನು ಒಂದೊಂದಾಗಿ ಆಚೀಚೆ ಸರಿಸುತ್ತಿತ್ತು. ನಡುವೆ ಕರೆಂಟು ಹೋದರೂ ಯಂತ್ರ ನಿಲ್ಲಬಾರದು ಎಂದು ಅಂಗಡಿಯಿಂದ ಬ್ಯಾಟರಿಯನ್ನೂ ಹೊತ್ತು ತಂದು, ಕಂಪ್ಯೂಟರಿನ ವೈರನ್ನು ಅದಕ್ಕೇ ಜೋಡಿಸಿದ್ದಳು. ಶೇಕಡಾ ನಲವತ್ತು ಆದಾಗ ಯಾರೋ ಬಾಗಿಲು ತಟ್ಟಿದರು. ಎದ್ದು ಹೋಗಿ ಪಾರ್ಸೆಲ್ಲಿಗೆ ಸಹಿ ಹಾಕಿ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಅಕ್ಕ ಬ್ಯಾಟರಿಯ ಪಕ್ಕದಲ್ಲೇ ನಿಂತಿದ್ದಳು.

"ನೀನು ಸ್ವಿಚ್ ಹಾಗೇ ಬಿಟ್ಟು ಹೋಗಿದ್ದೆ ಪುಟ್ಟಿ. ಆರಿಸಿದೆ."

ತಡಿಯಮ್ಮ ಅಕ್ಕನ ಮುಖ ನೋಡಿದಳು. ಕೆಲಸವೊಂದನ್ನು ಸರಿಯಾಗಿ ಮಾಡಿ ಮುಗಿಸಿದ ಗೆಲುವು ಆ ಮುಖದಲ್ಲಿತ್ತು.

"ಒಳ್ಳೇದಾಯ್ತಕ್ಕ" ಎಂದಳು.

ಮತ್ತೆ ಹಚ್ಚಿದಾಗ ಡಿಸ್ಕು ತೆರೆಯಲಿಲ್ಲ. ಖಾಲಿ ಎಂದು ತೋರಿಸಿತು. ಕೆಟ್ಟದ್ದನ್ನು ಪೂರ್ತಿ ಅಳಿಸಿ, ಎರಡು ಭಾಗ ಹೊಸದಾಗಿ ಮಾಡಿ, ಕಾಪಿಯಿಂದ ಎಲ್ಲವನ್ನೂ ಮರಳಿ ತುಂಬುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಮಕ್ಕಳೆಲ್ಲ ಬಂದರು. ಮೇಷ್ಟರು ಮೆಟ್ಟಿಲಿಳಿದು ಹೋದ ದಿನದಿಂದ ಎಲ್ಲೋ ಬಿಗಿದುಕೊಂಡಿದ್ದದ್ದು ಸಡಿಲವಾದಂತಾಗಿ, ತಡಿಯಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

"ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಒಂದು ಬರೆದಿದ್ದೆನಲ್ಲ, ಅದೆಲ್ಲಿ?" ಎಂದಳು ಅಕ್ಕ.

ಕಾಪಿ ಭಾನುವಾರದ್ದು. ಬರೆದದ್ದು ಸೋಮವಾರ. "ಅದು ಹೋಯ್ತಕ್ಕ. ನಂದೇ ತಪ್ಪು. ಶುರು ಮಾಡೋ ಮುಂಚೆ ಇನ್ನೊಂದ್ಸಲ ತಗೋಬೇಕಿತ್ತು. ಯಾರ ಬಗ್ಗೆ ಬರೆದಿದ್ದೆ?"

"ನೆನಪಿಲ್ವೇ. ಯಾವುದೋ ಮಗು... ಲಿಫ್ಟು... ಹಾಂ, ಲಿಫ್ಟಲ್ಲಿ."

ತಡಿಯಮ್ಮ ಕೀಬೋರ್ಡು ಎಳೆದುಕೊಂಡಳು. "ಹೇಳು. ನಾನು ಟೈಪ್ ಮಾಡ್ತೀನಿ."

"ಎರಡನೇ ಮಹಡಿಗೂ ಮೂರನೇದಕ್ಕೂ ನಡುವೆ ಲಿಫ್ಟ್ ನಿಂತುಬಿಡ್ತು. ಒಳಗೆ ಹೆರಿಗೆ ನೋವಿನ ಹುಡುಗಿ, ನಾನು. ಇನ್ನೊಬ್ಬ ಇದ್ದ..." ಅಕ್ಕ ತಡವರಿಸಿದಳು. ಬೆರಳುಗಳು ಸೆರಗಿನ ತುದಿಯಲ್ಲಿ ಏನನ್ನೋ ಹುಡುಕಿದವು.

"ಪೋಸ್ಟ್‌ಮ್ಯಾನು" ಎಂದಳು ತಂಗಿ. "ನೀನು ಗೋಡೆ ಕಡೆ ತಿರುಗಿ ನಿಂತ್ಕೋ ಅಂದೆ. ಅವನು ಹೆದರ್ಕೊಂಡು, ಆ ಹುಡುಗಿ ಕೂಗೋದು ಕೇಳಿಸಬಾರ್ದು ಅಂತ, ಚೀಲದಲ್ಲಿದ್ದ ಕಾಗದಗಳ ವಿಳಾಸಾನೆಲ್ಲ ಗಟ್ಟಿಯಾಗಿ ಓದ್ತಾ ನಿಂತ."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಿಜವಾಗ್ಲೂ? ನಿಂಗೆ ಯಾರು ಹೇಳಿದ್ರು?"

"ನೀನೇ. ನನ್ನ ತಲೆ ಬಾಚುವಾಗೆಲ್ಲ."

"ಆಮೇಲೆ?" ಎಂದು ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆಮೇಲೆ ಮಗು ಅತ್ತಾಗ ಅವನೂ ಅತ್ತ" ಎಂದು ತಡಿಯಮ್ಮ ಟೈಪ್ ಮಾಡತೊಡಗಿದಳು.