ರಶೀನಾಳ ಹ್ಯಾಂಡ್‌ಬ್ರೇಕ್

ತೋಡಾರಿನ ಮದುವೆ ಹಾಲಿನೆದುರು, ಗಂಡಿನ ಕಡೆಯವರೆಲ್ಲ ನೋಡುತ್ತಿದ್ದ ಹಾಗೆಯೇ, ಉನೈಸ್ ತನ್ನ ತಂಗಿ ರಶೀನಾಳ ಕೈಯಿಂದ ಕಾರಿನ ಕೀ ಕಿತ್ತುಕೊಂಡ.

"ಈ ಕೈ ಇಟ್ಕೊಂಡು ಗಾಡಿ ಬಿಡ್ಲಿಕ್ಕೆ ನಿಂಗೆ ಹೇಳಿದ್ದು ಯಾರು?"

ಚಿಕ್ಕಂದಿನಲ್ಲಿ ಕಾದ ಎಣ್ಣೆ ಬಿದ್ದು ರಶೀನಾಳ ಎಡಗೈ ಹೆಬ್ಬೆರಳು ಮುರುಟಿಹೋಗಿತ್ತು. ಆ ಕೈಯಲ್ಲೇ ಅವಳು ಮೂಡುಬಿದಿರೆಯ ತನ್ನ ಅಂಗಡಿಯಲ್ಲಿ ಬುರ್ಖಾ ಹೊಲಿದು ಮಕ್ಕಳನ್ನು ಓದಿಸಿದ್ದಳು. ಗಂಡನ ಕಾರನ್ನು ವರ್ಷಗಟ್ಟಲೆ ಓಡಿಸಿದ್ದಳು. ಆದರೆ ತೀರಿಕೊಂಡ ತಂದೆ, ಅವಳ ಉಪ್ಪ, ಬಿಟ್ಟುಹೋದ ಈ ಎರಡು ಸೀಟಿನ ಹಳೇ ಇಂಗ್ಲಿಷ್ ಕಾರಿನ ಹ್ಯಾಂಡ್‌ಬ್ರೇಕಿನ ರೀತಿಯೇ ಬೇರೆ. ಬೇರೆ ಕಾರುಗಳಲ್ಲಿ ಎಳೆದರೆ ಅದು ತಾನೇ ಕಚ್ಚಿಕೊಳ್ಳುತ್ತದೆ. ಇದರಲ್ಲಿ ಎಳೆದು ಹಿಡಿದು, ತುದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ನಿಲ್ಲುತ್ತದೆ. ಇಲ್ಲದಿದ್ದರೆ ಕೈಬಿಟ್ಟ ಕೂಡಲೇ ಲಿವರ್ ಕೆಳಗೆ ಬೀಳುತ್ತದೆ.

ಆವತ್ತು ಆದದ್ದೂ ಅದೇ. ಉನೈಸನ ಮಗಳು ಶಮ್ನಾಳ ಮದುವೆ. ಹೂ ಕಟ್ಟಿದ ಕಾರು ಬಂದರೇ ಗತ್ತು ಎಂದು ಹಟ ಹಿಡಿದವನು ಅವನೇ. ರಶೀನಾ ತಂದು ಹಾಲಿನೆದುರಿನ ಏರಿನಲ್ಲಿ ನಿಲ್ಲಿಸಿದಳು. ಮುರುಟಿದ ಹೆಬ್ಬೆರಳಿಗೆ ಗುಂಡಿ ಅರ್ಧ ಮಾತ್ರ ಒತ್ತಲಾಯಿತೋ ಏನೋ, ಅವಳು ಇಳಿದದ್ದೇ ಕಾರು ಹಿಂದಕ್ಕೆ ಜಾರಿತು. ಹಿಂದೆ ನಿಂತಿದ್ದ ತಾಯಿ, ಉಮ್ಮ ನಫೀಸಮ್ಮ, ತಳ್ಳಿಸಿಕೊಂಡು ಬಿದ್ದರು. ಮಣಿಕಟ್ಟು ಮುರಿಯಿತು.

ಆಸ್ಪತ್ರೆಯ ಬೆಂಚಿನಲ್ಲಿ ಕೂತ ರಶೀನಾಳಿಗೆ ಮೊದಲು ಅಳು ಬಂತು. ಆಮೇಲೆ ಬಂದ ಸಿಟ್ಟಿಗೆ ಅಳು ಒಣಗಿಯೇ ಹೋಯಿತು. ಈ ಬ್ರೇಕ್ ಬದಲಿಸುತ್ತೇನೆಂದು ಕಳೆದ ವರ್ಷದಿಂದ ಅವಳು ದುಬೈಯಲ್ಲಿ ಕೆಲಸಕ್ಕಿದ್ದ ಅಣ್ಣನಿಗೆ ಫೋನ್ ಮಾಡಿ ಹೇಳುತ್ತಲೇ ಇದ್ದಳು. ಪ್ರತಿ ಸಲವೂ ಉನೈಸನದು ಒಂದೇ ಪಾಠ: "ಒರಿಜಿನಲ್ ಮುಟ್ಬೇಡ. ಒಂದು ಬೋಲ್ಟ್ ಬದಲಾದ್ರೂ ಗಾಡಿಯ ಮರ್ಯಾದೆ ಹೋಗ್ತದೆ." ಉಪ್ಪ ಅದನ್ನು ನಾರಾವಿಯ ಯಾರದೋ ಕೊಟ್ಟಿಗೆಯಿಂದ ಲಾರಿಗೆ ಕಟ್ಟಿ ಎಳೆದು ತಂದಾಗ ಈ ಮರ್ಯಾದಸ್ಥ ಎಲ್ಲಿದ್ದ? ತುಕ್ಕು ಉಜ್ಜಿದವಳು ಅವಳು. ಉಪ್ಪ ಕಾರನ್ನು ಬರೆದುಕೊಟ್ಟದ್ದೂ ಅವಳಿಗೇ.

ಮದುವೆಯ ಗಲಾಟೆ ಮುಗಿದ ಮೇಲೆ ಅವಳು ಉಮ್ಮನ ಕೋಣೆಗೆ ಹೋದಳು. ಉನೈಸ್ ಕೀಯನ್ನು ಉಮ್ಮನ ಹತ್ತಿರ ಕೊಟ್ಟು, ಇವಳಿಗೆ ಕೊಡಬಾರದೆಂದು ತಾಕೀತು ಮಾಡಿದ್ದ. ಉಮ್ಮ ಪ್ಲಾಸ್ಟರ್ ಹಾಕದ ಕೈಯಿಂದ ದಿಂಬಿನಡಿ ತಡಕಿದರು.

"ಕೊಂಡು ಹೋಗು. ಬ್ರೇಕ್ ಸರಿ ಮಾಡಿಸದೆ ಮಾತ್ರ ತರ್ಬೇಡ."

ಮಡಂತ್ಯಾರಿನ ಮೆಕ್ಯಾನಿಕ್ ಶೀನಪ್ಪ ಕಾರಿನಡಿ ನುಸುಳಿ ನೋಡಿ, ಕೈ ಒರೆಸುತ್ತಾ ಎದ್ದ. "ಆಗ್ತದೆ ಅಕ್ಕ. ಬೇರೆ ಲಿವರ್ ಹಾಕಿ, ಎಳೆದ ಕೂಡಲೇ ಕಚ್ಚುವ ಹಾಗೆ ಅದರ ಹಲ್ಲು ತಿರುಗಿಸಿ ಇಡುವ. ಗುಂಡಿ ಬೇಡ, ಸೈಕಲ್ ಬ್ರೇಕಿನ ಹಾಗೆ ನಾಲ್ಕು ಬೆರಳಲ್ಲಿ ಹಿಡಿದು ಬಿಡಿಸುವ ಹಿಡಿ ಮಾಡಿಕೊಡ್ತೇನೆ." ಅಷ್ಟು ಹೇಳಿ ಫೋನ್ ತೆಗೆದ. "ನಿಮ್ಮ ಅಣ್ಣ ಉನೈಸ್ ಕಾಕರನ್ನು ಒಂದು ಮಾತು ಕೇಳುವ, ಅಲ್ವಾ?"

ರಶೀನಾ ಬಾನೆಟ್ಟಿನ ಮೇಲೆ ಕೈ ಬಡಿದಳು. "ಆರ್.ಸಿ. ಯಾರ ಹೆಸರಲ್ಲಿ ಉಂಟು ಶೀನಪ್ಪಣ್ಣ? ಗಾಡಿ ನನ್ನದು, ಕೈ ನನ್ನದು, ಆಸ್ಪತ್ರೆಯಲ್ಲಿ ಮಲಗಿದ್ದು ನನ್ನ ಉಮ್ಮ. ಕೇಳ್ಲಿಕ್ಕೆ ಅವನ್ಯಾರು?"

ಶೀನಪ್ಪ ಫೋನ್ ಜೇಬಿಗೆ ಹಾಕಿದ. ಹಳೇ ಲಿವರನ್ನು ಕೊಯ್ಯದೆ ಹಾಗೇ ಬಿಚ್ಚಿ ತೆಗೆದು, ಬೋಲ್ಟಿನ ಹಳೇ ತೂತುಗಳಲ್ಲೇ ಹೊಸದನ್ನು ಕೂರಿಸಿಕೊಟ್ಟ.

ಕಾರು ಮನೆಗೆ ಬಂದ ಸಂಜೆ ಉನೈಸ್ ಅಂಗಳದಲ್ಲೇ ಕೂಗಾಡಿದ. ಹಳೇ ಕಾರುಗಳ ಕ್ಲಬ್ಬಿನವರಿಗೆ ಈ ಮುಸುಡಿ ಹೇಗೆ ತೋರಿಸಲಿ ಎಂದ. ಉಪ್ಪನ ಆತ್ಮ ನೋಯುತ್ತದೆ ಎಂದ.

"ಉಪ್ಪನ ಹೆಸರು ಎತ್ಬೇಡ ಕಾಕ," ಎಂದಳು ರಶೀನಾ. "ಉಮ್ಮನ ಕೈ ಮುರಿದಾಗ ನೀನು ಮೊದಲು ನೋಡಿದ್ದು ಬಂಪರನ್ನು. ನಾನು ಕಣ್ಣಾರೆ ನೋಡಿದ್ದೇನೆ. ಹಳೇ ಲಿವರ್ ಡಿಕ್ಕಿಯಲ್ಲಿ ಉಂಟು, ಬೇಕಾದ್ರೆ ಶೋಕೇಸಿನಲ್ಲಿ ಇಟ್ಕೋ. ಗಾಡಿಗೆ ಅದು ಇನ್ನು ಹತ್ತುದಿಲ್ಲ."

ಉನೈಸ್ ಬಾಯಿ ತೆರೆದ. ಒಳಗಿನಿಂದ ಉಮ್ಮ, "ಸಾಕು ಮಾಡು ಉನೈಸ್," ಎಂದರು. ಅವನು ಒಳಗೆ ಹೋಗಿ ಬಾಗಿಲು ಧಡಾರೆಂದು ಹಾಕಿಕೊಂಡ. ರಜೆ ಮುಗಿದು ಹೊರಡುವಾಗಲೂ ತಂಗಿಯೊಡನೆ ಮಾತಾಡಲಿಲ್ಲ. ಈಗಲೂ ಉಮ್ಮನಿಗಷ್ಟೇ ಫೋನ್ ಮಾಡುತ್ತಾನೆ.

ರಶೀನಾ ದಿನವೂ ಆ ಕಾರಿನಲ್ಲೇ ಅಂಗಡಿಗೆ ಹೋಗುತ್ತಾಳೆ. ಮೊನ್ನೆ ಪೇಟೆಯಲ್ಲಿ ಹಳೇ ಕಾರುಗಳ ಹುಚ್ಚಿನವನೊಬ್ಬ ಒಳಗೆ ಬಗ್ಗಿ ನೋಡಿ, "ಛೆ, ಇಷ್ಟು ಚಂದದ ಗಾಡಿ, ಈ ಬ್ರೇಕ್ ಯಾರು ಹಾಳು ಮಾಡಿದ್ದು ಮಾರಾಯ್ರೆ?" ಎಂದ.

"ನಾನು," ಎಂದಳು ರಶೀನಾ. "ಸ್ವಲ್ಪ ಸರೀರಿ, ಗಾಡಿ ತೆಗೀಬೇಕು."