ಬೆಳಿಗ್ಗೆ ನಾನು ಕೈ ಮುಗಿದವರು ಪಕ್ಕದ ಸೀಟಿನಲ್ಲಿ

"ಸ್ವಲ್ಪ ನೋಡ್ರಿ ಸಾರ್, ಇದು ನಾನೇ ಅಲ್ಲೇನ್ರಿ?"

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಹಿರಿಯರು ತಮ್ಮ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ಊರಿನ ಸುದ್ದಿ ಹಾಕುವ ಯಾವುದೋ ಪುಟದಲ್ಲಿ ಅವರದೇ ಫೋಟೊ, ಹುಬ್ಬಿನ ಮೇಲೆ ಅದೇ ಗಾಯದ ಗುರುತು. ಕೆಳಗೆ 'ನಿಧನ' ಎಂದಿತ್ತು. ಅದೇ ಹೆಸರಿನ ಬೇರೆ ಯಾರೋ ತೀರಿಕೊಂಡಿದ್ದಕ್ಕೆ ಇವರ ಫೋಟೊ ಹಾಕಿಬಿಟ್ಟಿದ್ದರಂತೆ.

ಎಲ್ಲೆಲ್ಲಿ ಯಾರು ತೀರಿಕೊಂಡರು ಎಂದು ಹುಡುಕಿ ನೋಡಿ ಬಿಪಿ ಏರಿಸಿಕೊಳ್ಳುವುದು ನನ್ನ ದಿನನಿತ್ಯದ ಕಾಯಕ. ಅಂದು ಬೆಳಿಗ್ಗೆ ಟೀ ಕುಡಿಯುತ್ತಾ ಈ ಸುದ್ದಿಗೂ, ಪೂರ್ತಿ ಓದದೆಯೇ, ಕೈ ಮುಗಿದ ಚಿತ್ರ ಒತ್ತಿದ್ದೆ. ಅದನ್ನು ಹೇಳುವ ಧೈರ್ಯವಾಗಲಿಲ್ಲ.

"ಹರಿಹರದ ಹತ್ರ ಸಾರಥಿ ಊರಾಗ ನನ್ನ ತಂಗಿ ಇದನ್ನ ನೋಡಿ ಹಾಸಿಗೆ ಹಿಡಿದಾಳ್ರಿ. ಫೋನ್ ಮಾಡಿದ್ರೆ ನನ್ನ ದನಿ ಕೇಳಿ ಇನ್ನೂ ಹೆದರಿದ್ಲು. ಅದಕ್ಕ ಮೊಖ ತೋರ್ಸಾಕ ಹೊಂಟೀನಿ. ನನಗ ಟೈಪ್ ಮಾಡಾಕ ಬರಲ್ಲ, ನೀವೇ ಒಂದ್ ಸಾಲು ಬರೀರಿ."

ಅವರ ಮೊಬೈಲಿನಲ್ಲೇ ಆ ಸುದ್ದಿಯ ಕೆಳಗೆ ಬರೆದೆ: 'ನಾನು ಬದುಕಿದ್ದೇನೆ.' ಇಬ್ಬರೂ ನೋಡುತ್ತಿದ್ದಂತೆ ಅದರ ಕೆಳಗೆ ಒಂದು 'ಓಂ ಶಾಂತಿ' ಬಂದು ಕೂತಿತು. ಹಿಂದೆಯೇ ಇನ್ನೊಂದು. ಹಿರಿಯರು ತಮ್ಮ ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡರು.

ಹರಿಹರದಲ್ಲಿ ಅವರು ಇಳಿದ ಮೇಲೆ ನಾನು ಒತ್ತಿದ್ದ ಕೈ ಮುಗಿದ ಚಿತ್ರವನ್ನು ಅಳಿಸಿದೆ. ಎಣಿಕೆಯಲ್ಲಿ ಒಂದು ಕಡಿಮೆಯಾಗಿ, ನೋಡುತ್ತಿದ್ದಂತೆ ಮತ್ತೊಂದು ತುಂಬಿಕೊಂಡಿತು. ಈಗಲೂ ನಿಧನದ ಸುದ್ದಿ ಕಂಡರೆ, ಬೆರಳು ಒತ್ತುವ ಮೊದಲು ಒಮ್ಮೆ ಪಕ್ಕದ ಸೀಟು ನೋಡುತ್ತೇನೆ.